ಐದರ ಗಾಡಿ

ಬೈಲಹೊಂಗಲ
9 ಜೂನ್ 2024

ಅಲ್ಲ, ಆ ನೆರಳು ಗಾರ್ಡನದಲ್ಲ, ನನ್ನದು.

ಗುಂಪಿನ ಹುಡುಗರು ಏನೇ ಹೇಳಲಿ. ಒಬ್ಬ ಗಾರ್ಡನ ನೆರಳು ಎಂದ, ಇನ್ನೊಬ್ಬ ಸಿಗ್ನಲ್ ಕಂಬದ್ದು ಎಂದ. ಕಂಬಕ್ಕೆ ಕಿವಿ ಇರುತ್ತವೆಯೇ? ಸರಿಯಾಗಿ ನೋಡು, ಫೋಟೊದ ಕೆಳಗೆ ನಿನ್ನ ಬೂಟಿನ ಹತ್ತಿರ ಬಿದ್ದಿರುವ ಆ ತಲೆಗೆ ಎರಡೂ ಕಡೆ ಕಿವಿ ಎದ್ದು ನಿಂತಿವೆ. ಇಡೀ ಕಾಲೇಜಿನಲ್ಲಿ ಅಂಥ ಕಿವಿ ಇದ್ದದ್ದು ಒಬ್ಬನಿಗೇ.

ಹುಸೇನಪೀರ, ನಲವತ್ತನಾಲ್ಕು ವರ್ಷದ ಮೇಲೆ ಬರೆಯುವ ಪತ್ರ ಹೀಗೆ ಶುರುವಾಗಬಾರದು. ಕ್ಷೇಮ ಕೇಳಬೇಕು, ಮಕ್ಕಳುಮರಿ ಕೇಳಬೇಕು. ನಾಲ್ಕು ಸಲ ಹಾಗೆ ಶುರು ಮಾಡಿ ನಾಲ್ಕೂ ಸಲ ಹರಿದೆ. ಕಡೆಗೆ, ನಿನ್ನೆ ಸಂಜೆ ನಿಲ್ಲಿಸಿದ ಮಾತು ಇವತ್ತು ಮುಂದುವರಿಸಿದಂತೆ ಬರೆದರಾಯಿತು ಎಂದುಕೊಂಡೆ. ನನ್ನ ತಲೆಯೊಳಗೆ ಅದು ಹಾಗೇ ಇದೆ ನೋಡು.

ನಾನು ಮಡಿವಾಳೆಪ್ಪ. ಇಷ್ಟು ಹೊತ್ತಿಗೆ ಕಿವಿಯಿಂದಲೇ ಗೊತ್ತಾಗಿರಬೇಕು. ರೈಲಿನ ಹುಚ್ಚಿನವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಯಾವ ಎಂಜಿನ್ನು ಇವತ್ತು ಎಲ್ಲಿದೆ, ಯಾವ ಗೂಡ್ಸಿಗೆ ಡಬಲ್ ಎಂಜಿನ್ನು, ಯಾವ ತಿರುವಿನಲ್ಲಿ ನಿಂತರೆ ಫೋಟೊ ಚೆಂದ ಬರುತ್ತದೆ, ದಿನವಿಡೀ ಅದೇ ಸುದ್ದಿ. ಎಲ್ಲರೂ ಇಪ್ಪತ್ತರ ಹುಡುಗರು, ಕೊರಳಿಗೆ ಮೊಳದುದ್ದದ ಕ್ಯಾಮೆರಾ. ಅವರ ನಡುವೆ ನಾನೊಬ್ಬ ‘ಕಂಡಕ್ಟರ್ ಅಂಕಲ್’. ಮೊನ್ನೆ ಅದರಲ್ಲಿ ಸಿಮ್ರನ ಎಂಬ ಹುಡುಗಿ ಒಂದು ಹಳೆಯ ಫೋಟೊ ಹಾಕಿ ‘ನಮ್ಮಜ್ಜ, ಧಾರವಾಡ, 1979’ ಎಂದು ಬರೆದಳು. ಉಗಿ ಎಂಜಿನ್ನಿನ ಮುಂದೆ, ಅದನ್ನು ಅಪ್ಪ ಕೊಡಿಸಿದ ಹಾಗೆ, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೀ. ಅರ್ಧ ದಿನಕ್ಕೆಂದು ಕ್ಯಾಮೆರಾ ಬೇಡಿ ತಂದವನು ನಾನು, ಗುಂಡಿ ಒತ್ತಿದವನು ನಾನು. ಹುಡುಗಿಗೆ ಬರೆದು ನಿನ್ನ ವಿಳಾಸ ಇಸಿದುಕೊಂಡೆ.

ರೈಲಿಲ್ಲದ ಊರಿನವನಿಗೆ ಇದೆಂಥ ಹುಚ್ಚು ಎಂದು ನಗಬೇಡ. ಬೈಲಹೊಂಗಲಕ್ಕೆ ಹಳಿ ಇಲ್ಲ, ಸವದತ್ತಿಗಿಲ್ಲ, ಕಿತ್ತೂರಿಗೆ ಬರುತ್ತದೆ ಬರುತ್ತದೆ ಎನ್ನುವ ಮಾತು ಮಾತ್ರ ವರ್ಷಾ ವರ್ಷಾ ಬರುತ್ತದೆ. ನನ್ನ ಹೆಂಡತಿ ಗಂಗಾ ಹೋಗಿ ಮೂರು ವರ್ಷವಾಯಿತು. ಈ ಫೋನು ಅವಳದು. ಅದರ ತುಂಬ ಅವಳು ತೆಗೆದ ಹೀರೆಬಳ್ಳಿ, ಬೆಕ್ಕು, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ. ಮೊದಲ ವರ್ಷ ಅದನ್ನೇ ನೋಡುತ್ತ ಕೂತಿದ್ದೆ. ಒಂದು ದಿನ ಅಳ್ನಾವರದ ಗೇಟಿನಲ್ಲಿ ಬಸ್ಸು ನಿಂತಿತು, ಗೂಡ್ಸ್ ಬಂತು, ಕೈ ತಾನಾಗಿ ಎದ್ದು ಒಂದು ಫೋಟೊ ತೆಗೆಯಿತು. ಈಗ ಹಪ್ಪಳದ ಪಕ್ಕದಲ್ಲಿ ಎಂಜಿನ್ನುಗಳು ಸಾಲಾಗಿ ನಿಂತಿವೆ. ಅವಳು ಇದ್ದಿದ್ದರೆ ಹಪ್ಪಳಕ್ಕೆ ಹೊಗೆ ಹತ್ತುತ್ತದೆ ಎನ್ನುತ್ತಿದ್ದಳು.

ನಾನು ತೆಗೆದ ಎರಡು ಫೋಟೊ ತೊಳೆಸಿ ಇದರೊಳಗೆ ಇಟ್ಟಿದ್ದೇನೆ. ಫೋನ್ ನಂಬರ್ ಕೆಳಗಿದೆ. ಆ ಐದರ ಗಾಡಿಯ ಮಾತು ನಾನು ಎತ್ತುವುದಿಲ್ಲ. ಎತ್ತುವುದಿಲ್ಲ ಎಂದು ಬರೆದರೆ ಎತ್ತಿದಂತೆಯೇ ಆಯಿತು, ಇರಲಿ.

ಯುವರ್ಸ್ ಒಬಿಡಿಯಂಟ್ಲಿ (ಗೆಳೆಯನಿಗೆ ಇದೋ, ಫೇಯ್ತ್‌ಫುಲಿಯೋ, ಮರೆತಿದ್ದೇನೆ)
ಮಡಿವಾಳೆಪ್ಪ


ರಾಮದುರ್ಗ
28 ಜೂನ್ 2024

ಮಡ್ಯಾ,

ಕಿವಿ ನಿನ್ನವೇ. ಸಿಮ್ರನಳಿಗೂ ಹೇಳಿದೆ. ಆಕೆ ಗುಂಪಿಗೆ ತಿಳಿಸಿದ್ದಾಳಂತೆ, ಜಗಳ ಮುಗಿಯಿತಂತೆ.

ಫೋನ್ ನಂಬರ್ ಬರೆದಿದ್ದೀ. ಉಪಯೋಗವಿಲ್ಲ. ಮೂವತ್ತೇಳು ವರ್ಷ ಎಂಜಿನ್ನಿನೊಳಗೆ ಕೂತು ಎರಡೂ ಕಿವಿ ಅಲ್ಲೇ ಬಿಟ್ಟು ಬಂದಿದ್ದೇನೆ. ನೀನು ಫೋನಿನಲ್ಲಿ ಒದರಿದರೆ ಓಣಿಗೆಲ್ಲ ಕೇಳುತ್ತದೆ, ನನ್ನೊಬ್ಬನಿಗೆ ಬಿಟ್ಟು. ಪತ್ರ ಬರಿ. ಪತ್ರ ಓದುವಾಗ ಯಾರೂ ‘ಆಂ? ಆಂ?’ ಎನ್ನಬೇಕಾಗಿಲ್ಲ.

ಮಗ ಫರ್ದೀನ ಇಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಸಿಮ್ರನ ಅವನ ಮಗಳು. ರಿಟೈರ್ ಆದ ಮೇಲೆ ಇವರ ಹತ್ತಿರ ಬಂದೆ, ಆರು ವರ್ಷವಾಯಿತು. ಜನ್ಮವೆಲ್ಲ ಹಳಿಯ ಮೇಲೆ ಕಳೆದು ಹಳಿಯೇ ಇಲ್ಲದ ಊರಿಗೆ ಬಂದು ಕೂತಿದ್ದೇನೆ. ಮನೆ ಮುಂದೆ ಸವದತ್ತಿ ಗಾಡಿ ಹೋಗುತ್ತದೆ. ಅದರ ಟೈಮಿಗೆ ನನ್ನ ಚಹಾ.

ನಿನ್ನ ಫೋಟೊ ನೋಡಿದೆ. ಎಂಜಿನ್ನಿನ ಮೂತಿ ಅಂಚಿಗೆ ಬಡಿದಿದೆ. ಟ್ರೇನಿಗೆ ಮುಂದೆ ಹಾದಿ ಬಿಡು. ಹಾದಿ ಇಲ್ಲದಿದ್ದರೆ ಅದು ಓಡುವುದಿಲ್ಲ, ಗೋಡೆಗೆ ಗುದ್ದುತ್ತದೆ.

ಆದರೆ ಒಂದು ಮಾತು. ಮೂವತ್ತೇಳು ವರ್ಷ ಒಳಗೆ ಕೂತವನಿಗೆ, ತಾನು ಓಡಿಸಿದ್ದು ಹೊರಗಿನವರಿಗೆ ಹೇಗೆ ಕಾಣುತ್ತಿತ್ತು ಎನ್ನುವುದೇ ಗೊತ್ತಿರಲಿಲ್ಲ. ಇನ್ನೂ ಕಳಿಸು.

ಹುಸೇನಪೀರ


ಬೈಲಹೊಂಗಲ
21 ಜುಲೈ 2024

ಗೆಳೆಯ ಹುಸೇನಪೀರ,

ಮುಂದೆ ಹಾದಿ ಬಿಟ್ಟು ತೆಗೆದ ನಾಲ್ಕು ಫೋಟೊ ಇದರೊಳಗಿವೆ. ಮೂರನೆಯದರ ಕಥೆ ಹೇಳಬೇಕು.

ಧಾರವಾಡದಲ್ಲಿ ಒಂದು ಗೂಡ್ಸ್ ಹಿಡಿದೆ. ಹಿಡಿದೆ ಎಂದರೆ ಫೋಟೊ ಹಿಡಿದೆ, ಹುಡುಗರ ಭಾಷೆ ಅದು. ಡಬಲ್ ಎಂಜಿನ್ನು, ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಇದನ್ನು ಇನ್ನೊಮ್ಮೆ ನೋಡಬೇಕು ಎನಿಸಿತು. ಓಡಿ ಹೋಗಿ ಅಳ್ನಾವರದ ಬಸ್ಸು ಹತ್ತಿದರೆ, ಒಳಗೆ ಕಲ್ಮೇಶ. ನಾನೇ ತಯಾರು ಮಾಡಿದ ಕಂಡಕ್ಟರ್.

“ಗುರುಗಳ, ಅವಸರ ಏನೈತ್ರಿ ಇಷ್ಟ?”

“ಮುಂದ ಒಂದು ಗೂಡ್ಸ್ ಹೊಂಟೇತಿ. ಅದಕ್ಕಿಂತ ಮೊದಲ ಅಳ್ನಾವರ ಮುಟ್ಟಬೇಕ.”

“ಗೂಡ್ಸಿನ್ಯಾಗ ನಿಮ್ಮ ಸಾಮಾನ ಏನರೆ ಐತೇನ್ರಿ?”

“ನನ್ನ ಜೀವ ಐತೋ.”

ಅವನು ಡ್ರೈವರನ ಕಿವಿಯಲ್ಲಿ ಏನು ಹೇಳಿದನೋ, ಬಸ್ಸು ಹಾರಿತು. ಪ್ಯಾಸೆಂಜರರೆಲ್ಲ ಕಿಟಕಿಗೆ ಬಂದರು. ಮುಗದ ದಾಟುವಾಗ ಒಬ್ಬ ಮುದುಕಿ, “ಕಾಣಾಕ ಹತ್ತೇತಿ, ಅಕಾ ಅಲ್ಲೈತಿ ನಿಮ್ಮ ಗಾಡಿ!” ಎಂದು ಚೀರಿದಳು. ಗೂಡ್ಸನ್ನು ಬದಿಗೆ ನಿಲ್ಲಿಸಿದ್ದರು. ನಾವು ದಾಟಿ ಹೋದೆವು. ಅಳ್ನಾವರದಲ್ಲಿ ಅದು ಬರುವ ಹೊತ್ತಿಗೆ ನಾನು ಗೇಟಿನ ಹತ್ತಿರ ಬೆವರು ಒರೆಸಿಕೊಂಡು ನಿಂತಿದ್ದೆ. ಎಂಜಿನ್ನಿನವನು ನನ್ನನ್ನು ಎರಡನೇ ಊರಿನಲ್ಲಿ ಕಂಡು ಕಣ್ಣು ಉಜ್ಜಿಕೊಂಡ. ಆ ಮೇಲೆ ಕೈ ಎತ್ತಿದ. ನೋಡು, ಕೈ ಕಾಣಿಸುತ್ತದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಹೋದ ರವಿವಾರ ಬೆಳಗಾವಿಗೆ ಹೊರಟಿದ್ದೆ, ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯಲು. ಬಾಗಿಲಿಗೆ ಕೀಲಿ ಹಾಕುವಾಗ ಪಕ್ಕದ ಮನೆಯ ಶೆಟ್ಟೆವ್ವ ಕೇಳಿದಳು.

“ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲಿಗ್ರಿ ಮಾವಾರ?”

“ಬೆಳಗಾಂವಿಗೆ, ಚನ್ನಮ್ಮನ್ನ ನೋಡಾಕ.”

“ಯಾವ ಚನ್ನಮ್ಮರಿ? ಯಾರ ಪೈಕಿ?”

“ಕಿತ್ತೂರಕಿ. ದಿನಾ ಬರ್ತಾಳ, ಒಂದೀಟ ನಿಲ್ತಾಳ, ಹೊಕ್ಕಾಳ.”

ಸಂಜೆಗೆ ಸವದತ್ತಿಯಿಂದ ನನ್ನ ಮಗಳು ನಾಗರತ್ನಾಳ ಫೋನು. “ಅಪ್ಪಾ, ಇನ್ನೊಂದು ಲಗ್ನದ ವಿಚಾರ ಇದ್ರ ನಮ್ಮ ಮುಂದ ಒಂದ ಮಾತ ಹೇಳಿ ಮಾಡ್ಕೋ.” ಅದು ಗಾಡಿಯ ಹೆಸರವ್ವಾ ಎಂದರೆ, “ಮೂವತ್ತ ವರ್ಷ ಗಾಡಿ ಮ್ಯಾಲ ಇದ್ದು ಸಾಕಾಗಿಲ್ಲೇನ ನಿನಗ?” ಎನ್ನುತ್ತಾಳೆ. ಅವಳಿಗೆ ಗಾಡಿ ಎಂದರೆ ಬಸ್ಸು. ಈ ಸೀಮೆಗೆಲ್ಲ ಹಾಗೆಯೇ. ನನಗೊಬ್ಬನಿಗೆ ಈಗ ಗಾಡಿ ಎಂದರೆ ಹಳಿಯ ಮೇಲೆ ಓಡುವುದು.

ಹುಸೇನಪೀರ, ಎತ್ತುವುದಿಲ್ಲ ಎಂದದ್ದನ್ನು ಎತ್ತುತ್ತೇನೆ. ನಮ್ಮ ಇಂಗ್ಲಿಷ್ ಸರ್ ಬೋರ್ಡಿನ ಮೇಲೆ ಬರೆಯುತ್ತಿದ್ದ ವಾಕ್ಯ ನೆನಪಿದೆಯೇ? ‘ದ ಟ್ರೇನ್ ಹ್ಯಾಡ್ ಲೆಫ್ಟ್ ಬಿಫೋರ್ ಐ ರೀಚ್ಡ್ ದ ಸ್ಟೇಷನ್.’ ಮೊದಲು ನಡೆದದ್ದಕ್ಕೆ ಹ್ಯಾಡ್ ಹಚ್ಚಬೇಕು, ಹಿಂದಿನಿಂದ ನಡೆದದ್ದಕ್ಕೆ ಹಚ್ಚಬಾರದು. ನಾನು ಯಾವಾಗಲೂ ಎರಡಕ್ಕೂ ಹಚ್ಚಿ ಬೈಸಿಕೊಳ್ಳುತ್ತಿದ್ದೆ.

1980ರ ಜೂನ್. ರೈಲ್ವೆ ಪರೀಕ್ಷೆಗೆ ಇಬ್ಬರೂ ಅರ್ಜಿ ಹಾಕಿದ್ದೆವು. ನಿಮ್ಮಪ್ಪ ಗ್ಯಾಂಗ್‌ಮನ್, ನಿಮ್ಮ ಕ್ವಾರ್ಟರ್ಸಿಗೆ ಟಪಾಲು ತಪ್ಪುವುದಿಲ್ಲ ಎಂದು ಇಬ್ಬರ ವಿಳಾಸವೂ ಅದೇ ಕೊಟ್ಟಿದ್ದೆವು. ಪರೀಕ್ಷೆ ಬೆಂಗಳೂರಿನಲ್ಲಿ. ನೀನು ಬರೆದ ಕಾರ್ಡು ನನ್ನ ಹತ್ತಿರ ಇನ್ನೂ ಇದೆ. ‘ಕರೆ ಬಂದಿದೆ. ಎರಡೂ ಕಾಗದ ನನ್ನ ಕಿಸೆಯಲ್ಲಿವೆ. ಸೋಮವಾರ ಧಾರವಾಡ, ಐದರ ಗಾಡಿ, ಒಂದನೇ ಪ್ಲಾಟ್‌ಫಾರ್ಮ್. ತಪ್ಪಬೇಡ.’ ನಾನು ಮೂರಕ್ಕೇ ಬಂದು ನಿಂತೆ. ಐದು ಹೊಡೆಯಿತು, ಆರು ಹೊಡೆಯಿತು. ನೀನು ಬರಲಿಲ್ಲ. ನನ್ನ ಕಾಗದ ನಿನ್ನ ಕಿಸೆಯಲ್ಲೇ ಬೆಂಗಳೂರಿಗೆ ಹೋಯಿತು. ನೀನು ಪಾಸಾದೆ, ಎಂಜಿನ್ ಹತ್ತಿದೆ. ಒಬ್ಬ ಕಡಿಮೆಯಾದರೆ ಒಂದು ಜಾಗ ಹೆಚ್ಚು ಎಂದು ಯಾರಾದರೂ ನಿನ್ನ ತಲೆ ತುಂಬಿದರೇ? ಮನಸ್ಸಿಲ್ಲದಿದ್ದರೂ ಇಷ್ಟು ವರ್ಷ ಅದನ್ನೇ ನಂಬಿದ್ದೇನೆ.

ಉತ್ತರ ಬರೆದರೆ ಬರಿ. ಬರೆಯದಿದ್ದರೂ ಫೋಟೊ ಕಳಿಸುತ್ತಿರುತ್ತೇನೆ.

ಮಡಿವಾಳೆಪ್ಪ


ರಾಮದುರ್ಗ
2 ಸೆಪ್ಟೆಂಬರ್ 2024

ಮಡಿವಾಳೆಪ್ಪನವರಿಗೆ,

ನಿಮ್ಮ ಪತ್ರ ಆರು ವಾರ ದಿಂಬಿನ ಕೆಳಗೆ ಇತ್ತು. ಉತ್ತರ ಬೇಡ ಎಂದುಕೊಂಡಿದ್ದೆ. ಆದರೆ ಸುಳ್ಳಿಗೆ ಸುಮ್ಮನಿದ್ದರೆ ಒಪ್ಪಿದಂತೆ.

ನಾನು ಬಿಟ್ಟು ಹೋದೆನೇ? ಧಾರವಾಡದ ಒಂದನೇ ಪ್ಲಾಟ್‌ಫಾರ್ಮಿನಲ್ಲಿ, ನೀರಿನ ನಳದ ಹತ್ತಿರ, ನಾಲ್ಕರಿಂದ ನಿಂತಿದ್ದೆ. ಕಿಸೆಯಲ್ಲಿ ಎರಡು ಕಾಗದ, ಕೈಯಲ್ಲಿ ಎರಡು ಬುತ್ತಿ. ಅಮ್ಮ ನಿಮಗೂ ಕಟ್ಟಿದ್ದಳು. ಅಪ್ಪನ ಗುರುತಿನ ಗಾರ್ಡ್ ಇದ್ದ, ಅವನಿಗೆ ಕೈಮುಗಿದು ಎರಡು ನಿಮಿಷ ತಡೆದೆ. ಎರಡು ನಿಮಿಷ ತಡೆಯುವುದು ಏನು ಎಂದು ಆಮೇಲೆ ನೌಕರಿಯಲ್ಲಿ ತಿಳಿಯಿತು. ಹೊರಟ ಮೇಲೂ ಬಾಗಿಲಲ್ಲಿ ನಿಂತು ಗೇಟಿನ ಕಡೆ ನೋಡುತ್ತಿದ್ದೆ. ನಿಮ್ಮ ಬುತ್ತಿ ಹರಿಹರದವರೆಗೆ ಬಿಚ್ಚಲಿಲ್ಲ.

ಮೊದಲು, ಹೆದರಿ ಬಿಟ್ಟರು ಎಂದುಕೊಂಡೆ. ಆಮೇಲೆ, ನಿಮ್ಮ ತಂದೆಯವರು ನನ್ನ ಜೊತೆಗೆ ಹೋಗುವುದು ಬೇಡ ಅಂದಿರಬೇಕು ಎಂದುಕೊಂಡೆ. ಯಾಕೆ ಬೇಡ ಅಂದಾರು ಎನ್ನುವುದನ್ನು ಆಗ ಯಾರಿಗೂ ಕೇಳಲಿಲ್ಲ, ಈಗ ಬರೆಯುವುದೂ ಇಲ್ಲ.

ಫೋಟೊ ಕಳಿಸುವುದು ಬೇಡ.

ಹುಸೇನಪೀರ


ಬೈಲಹೊಂಗಲ
8 ಸೆಪ್ಟೆಂಬರ್ 2024

ಲೇ ಹುಸೇನ್ಯಾ, ಯಾವ ನಳ?

ಧಾರವಾಡ ಬಸ್ ಸ್ಟ್ಯಾಂಡಿನ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಳ ಎಲ್ಲಿತ್ತು? ಅಲ್ಲಿ ಇದ್ದದ್ದು ತೂಕದ ಯಂತ್ರ! ಕೆಂಪು ಬಣ್ಣದ್ದು, ಹತ್ತು ಪೈಸೆ ಹಾಕಿದರೆ ಒಳಗೆ ಚಕ್ರ ತಿರುಗಿ ಚೀಟಿ ಬೀಳುತ್ತಿತ್ತು. ನಾನು ಅದಕ್ಕೇ ಆತು ನಿಂತಿದ್ದೆ, ಮೂರರಿಂದ ಏಳರವರೆಗೆ!

ನಿನ್ನ ಪತ್ರವನ್ನು ಅಂಗಳದಲ್ಲಿ ನಿಂತು ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ‘ನೀರಿನ ನಳ’ದ ಹತ್ತಿರ ಕಣ್ಣು ನಿಂತಿತು. ಒಳಗೆ ಹೋಗಿ ಟ್ರಂಕಿನ ತಳದಿಂದ ನಿನ್ನ ಕಾರ್ಡು ತೆಗೆದೆ. ‘ಐದರ ಗಾಡಿ, ಒಂದನೇ ಪ್ಲಾಟ್‌ಫಾರ್ಮ್.’ ಸ್ಟೇಷನ್ ಎಂದು ಎಲ್ಲಿ ಬರೆದಿದ್ದೀ? ರೈಲು ಎಂದು ಎಲ್ಲಿ ಬರೆದಿದ್ದೀ? ಹಳಿಯ ಪಕ್ಕದಲ್ಲಿ ಹುಟ್ಟಿದವನು ನೀನು, ನಿನಗೆ ಗಾಡಿ ಎಂದರೆ ಒಂದೇ. ನಾನು ಬೈಲಹೊಂಗಲದವನು. ನನ್ನ ಊರಿನಲ್ಲಿ ಗಾಡಿ ಎಂದರೆ ಎತ್ತು ಇದ್ದರೆ ಚಕ್ಕಡಿ, ಎತ್ತು ಇಲ್ಲದಿದ್ದರೆ ಬಸ್ಸು. ಬಸ್ ಸ್ಟ್ಯಾಂಡಿಗೂ ಪ್ಲಾಟ್‌ಫಾರ್ಮ್ ಇರುತ್ತವೆ, ಅದರಲ್ಲೂ ಒಂದನೆಯದು ಇರುತ್ತದೆ, ಐದಕ್ಕೆ ಬೆಂಗಳೂರಿನ ಬಸ್ಸೂ ಇತ್ತು!

ಅಂಗಳದಲ್ಲೇ ಕೂತು ನಕ್ಕೆ. ಶೆಟ್ಟೆವ್ವ ಗೋಡೆಯ ಮೇಲಿಂದ ಇಣುಕಿ, “ಮಾವಾರ, ಚನ್ನಮ್ಮ ಹೂಂ ಅಂದ್ಳೇನ್ರಿ?” ಎಂದಳು. ಇನ್ನೂ ಜೋರಾಗಿ ನಕ್ಕೆ.

ಗಂಗಾ ಒಬ್ಬಳಿಗೇ ಈ ಕಥೆ ಹೇಳಿದ್ದೆ, ಮದುವೆಯಾದ ಹೊಸದರಲ್ಲಿ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ್ದಳು. “ಗಾಡಿ ಅಂದ್ರ ಯಾವ ಗಾಡಿರಿ?” ನಾನು ಸಿಟ್ಟಿಗೆದ್ದೆ. “ಗಾಡಿ ಅಂದ್ರ ಗಾಡಿ! ನಿನಗೇನ ತಿಳೀತೈತಿ?” ಆಮೇಲೆ ಅವಳು ಆ ಮಾತು ತೆಗೆಯಲಿಲ್ಲ. ವರ್ಷಕ್ಕೊಮ್ಮೆ, ಉಗಾದಿಗೆ, “ಆ ಹುಸೇನಪೀರಗ ಒಂದ ಕಾಗದ ಬರೀರಿ” ಎನ್ನುತ್ತಿದ್ದಳು, ಅಷ್ಟೇ. ಅವಳಿಗೆ ತಿಳಿದಿತ್ತು ನೋಡು. ನನಗೇ ತಿಳಿಯಲಿ ಎಂದು ದಾರಿ ನೋಡಿದಳು. ದಾರಿ ಬಹಳ ಉದ್ದವಾಯಿತು.

ಇನ್ನು ನೀನು ಬರೆಯದೆ ಬಿಟ್ಟದ್ದಕ್ಕೆ ಉತ್ತರ. ಅಂದು ಬೆಳಿಗ್ಗೆ ಅವ್ವ ಶೇಂಗಾ ಹೋಳಿಗೆ ಕಟ್ಟುವಾಗ ಅಪ್ಪ ಒಲೆಯ ಮುಂದೆ ನಿಂತು ಹೇಳಿದ್ದು ಇದು: “ಹುಸೇನಪೀರನ ಪಾಲಿಗೆ ಎರಡ ಹೆಚ್ಚಿಗಿ ಇಡು, ಅಂವಗ ಸಿಹಿ ಬಾಳ ಸೇರ್ತೈತಿ.” ಹತ್ತು ಹೋಳಿಗೆ ಇದ್ದವು. ಏಳು ಗಂಟೆಗೆ ಅಷ್ಟನ್ನೂ ಸಿಟ್ಟಿನಿಂದ ನಾನೇ ತಿಂದೆ, ನಿನ್ನ ಪಾಲು ಮೊದಲು. ತಿಂದು ಹತ್ತು ಪೈಸೆ ಹಾಕಿ ತೂಗಿದೆ. ಚೀಟಿಯ ಹಿಂದೆ ಭವಿಷ್ಯ ಬರೆದಿತ್ತು, ‘ನಿಮಗೆ ದೀರ್ಘ ಪ್ರಯಾಣ ಯೋಗವಿದೆ’ ಎಂದು. ಮೂರು ವರ್ಷಕ್ಕೆ ಕಂಡಕ್ಟರನಾದೆ.

ಫೋಟೊ ಬೇಡ ಎಂದಿದ್ದೀ. ಆರು ಇಟ್ಟಿದ್ದೇನೆ.

ನಿನ್ನ ಮಡ್ಯಾ


ರಾಮದುರ್ಗ
1 ಅಕ್ಟೋಬರ್ 2024

ಮಡ್ಯಾ,

ಸಿಮ್ರನ ನಿನ್ನ ಪತ್ರವನ್ನು ಮನೆಮಂದಿಗೆಲ್ಲ ಓದಿ ತೋರಿಸಿದಳು. ಎಲ್ಲರ ಬಾಯಿ ತೆರೆದದ್ದು ನೋಡಿ ನಾನೂ ನಕ್ಕೆ. ನನ್ನ ನಗು ನನಗೆ ಕೇಳಲಿಲ್ಲ, ಹೊಟ್ಟೆ ನೋಯಿತು, ಅದರಿಂದ ನಕ್ಕೆ ಎಂದು ಗೊತ್ತಾಯಿತು. ಆಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಒಬ್ಬನೇ ಕೂತೆ. ಸವದತ್ತಿ ಗಾಡಿ ಹೋಯಿತು. ಚಹಾ ಬಂತು, ಆರಿ ಹೋಯಿತು.

ನಿಮ್ಮಪ್ಪನ ಬಗ್ಗೆ ಅಂದುಕೊಂಡದ್ದಕ್ಕೆ ತಪ್ಪಾಯಿತು. ಇಲ್ಲದವರ ಕಾಲು ಹಿಡಿಯಲು ಬರುವುದಿಲ್ಲ. ನಿನ್ನ ಕಾಲು ಹಿಡಿಯುವ ಮಾತೇ ಇಲ್ಲ.

ನೀನು ಕಂಡಕ್ಟರ್ ಆಗಿದ್ದೀ ಎಂದು ಹಿಂದೆಯೇ ಯಾರೋ ಹೇಳಿದ್ದರು. ಅಳ್ನಾವರದ ಗೇಟಿನಲ್ಲಿ ಬೈಲಹೊಂಗಲದ ಬೋರ್ಡಿನ ಬಸ್ಸು ನಿಂತಿದ್ದರೆ ಒಂದು ಹಾರ್ನ್ ಹೆಚ್ಚಿಗೆ ಹಾಕುತ್ತಿದ್ದೆ. ರೂಲಿನಲ್ಲಿ ಇಲ್ಲ. ಅಸಿಸ್ಟೆಂಟ್ ಕೇಳಿದರೆ ದನ ಇತ್ತು ಎನ್ನುತ್ತಿದ್ದೆ. ಸಿಟ್ಟು ಇತ್ತು. ಆದರೂ ಹಾಕುತ್ತಿದ್ದೆ.

ಈ ಸಲದ ಫೋಟೊಗಳಲ್ಲಿ ಮುಂದೆ ಹಾದಿ ಬಿಟ್ಟಿದ್ದೀ. ಆದರೆ ಎರಡರಲ್ಲಿ ನಿನ್ನ ನೆರಳು ಹಳಿಯವರೆಗೆ ಬಂದಿದೆ, ಕಿವಿ ಸಮೇತ. ನಲವತ್ತೈದು ವರ್ಷದಲ್ಲಿ ಅದೊಂದು ಕಲಿಯಲಿಲ್ಲ.

ಒಮ್ಮೆ ಹೊರಗೆ ನಿಂತು ನೋಡಬೇಕು ಎನಿಸುತ್ತದೆ. ಕೇಳುವುದಿಲ್ಲ ನಿಜ. ಆದರೆ ಬರುವುದು ಇನ್ನೂ ಅಂಗಾಲಿಗೆ ತಿಳಿಯುತ್ತದೆ.

ಹುಸೇನಪೀರ


ಬೈಲಹೊಂಗಲ
17 ನವೆಂಬರ್ 2024

ಹುಸೇನ್ಯಾ,

ಆ ಹೆಚ್ಚಿನ ಹಾರ್ನು ನಾನು ಕೇಳಿದ್ದೇನೆ. ಪ್ಯಾಸೆಂಜರರು ಬೈಯುತ್ತಿದ್ದರು, ಮಲಗಿದ ಕೂಸು ಎದ್ದಿತು ಎಂದು. ನಾನೂ ಬೈಯುತ್ತಿದ್ದೆ.

ಒಂದೂವರೆ ತಿಂಗಳು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಈಗ ಕೆಲಸದ ಮಾತು. ಡಿಸೆಂಬರಿನ ಸಂಜೆಯ ಬಿಸಿಲು ಎಂಜಿನ್ನಿನ ಮೇಲೆ ಬಿದ್ದರೆ ತುಪ್ಪ ಸವರಿದ ಹಾಗೆ ಇರುತ್ತದೆ. ಧಾರವಾಡಕ್ಕೆ ಬಾ. ಐದರ ಗಾಡಿಯನ್ನು ಇಬ್ಬರೂ ಕೂಡಿ ಹಿಡಿಯೋಣ. ದಿನ ನೀನೇ ಹೇಳು. ಹೋಳಿಗೆ ನಾಗರತ್ನಾ ಮಾಡಿಕೊಡುತ್ತಾಳೆ. ನಿನ್ನ ಪಾಲಿಗೆ ಎರಡು ಹೆಚ್ಚು.

ಐ ಬೆಗ್ ಟು ರಿಮೇನ್ (ಇದರ ಮುಂದೆ ಏನೋ ಇತ್ತು)
ಮಡ್ಯಾ


ರಾಮದುರ್ಗ
28 ನವೆಂಬರ್ 2024

ಮಡ್ಯಾ,

ಡಿಸೆಂಬರ್ 15, ರವಿವಾರ. ಐದರ ಗಾಡಿ. ಅದೇ ಜಾಗ. ಸೊಸೆ ಒಬ್ಬರೇ ಹೋಗಬೇಡಿ ಎಂದಳು, ಕೇಳಿಸಲಿಲ್ಲ ಎಂದೆ. ನೀನು ನಿನ್ನ ಜಾಗ ಬಿಟ್ಟು ಕದಲಬೇಡ. ಈ ಸಲ ನಾನೇ ಬರುತ್ತೇನೆ.

ಹುಸೇನಪೀರ


ಧಾರವಾಡ ರೈಲು ಸ್ಟೇಷನ್, ಒಂದನೇ ಪ್ಲಾಟ್‌ಫಾರ್ಮ್
15 ಡಿಸೆಂಬರ್ 2024, ಸಂಜೆ

ಹುಸೇನ್ಯಾ,

ಐದೂ ಕಾಲು. ನೀನು ಬಂದಿಲ್ಲ. ಕೈಗೆ ಕೆಲಸ ಇರಲಿ ಎಂದು ಬರೆಯುತ್ತಿದ್ದೇನೆ. ಬಂದರೆ ಕೈಯಲ್ಲೇ ಕೊಡುತ್ತೇನೆ, ಇಲ್ಲದಿದ್ದರೆ ಡಬ್ಬಿಗೆ ಹಾಕುತ್ತೇನೆ.

ನಾಲ್ಕರಿಂದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇದ್ದೇನೆ. ಫೋಟೊದವರ ಜಾಗ ಇದು, ನನ್ನ ಜಾಗ. ನೀನು ಹೇಳಿದ ಹಾಗೆ ಕದಲಿಲ್ಲ. ನಿನ್ನ ನಳ ಈಗಿಲ್ಲ, ಅಲ್ಲಿ ಸ್ಟೀಲಿನ ಡಬ್ಬದಂಥದ್ದು ಕೂಡಿಸಿದ್ದಾರೆ. ಗಾಡಿ ಬಂತು. ತುಪ್ಪದಂಥ ಬಿಸಿಲು ಎಂದೆನಲ್ಲ, ಹಾಗೇ ಇತ್ತು. ಹಿಂದಿನ ಸ್ಟೇಷನ್ನಿನಲ್ಲಿ ಹತ್ತಿರಬಹುದೇ ಎಂದು ಎಲ್ಲ ಬಾಗಿಲೂ ನೋಡಿದೆ. ಇಳಿದವರನ್ನೆಲ್ಲ ನೋಡಿದೆ. ಗಾಡಿ ಹೋಯಿತು. ಫೋಟೊ ತೆಗೆಯಲಿಲ್ಲ. ಹಾಗೆ ಬಿಟ್ಟದ್ದು ಇದೇ ಮೊದಲು.

ಐದೂವರೆ. ಹೋಳಿಗೆಯ ಗಂಟು ತೊಡೆಯ ಮೇಲಿದೆ. ಅಂದು ನೀನು ಎರಡು ಬುತ್ತಿ ಹಿಡಿದು ನಿಂತದ್ದು ಹೀಗೇ ಇರಬೇಕು. ಬಾಗಿಲಲ್ಲಿ ನಿಂತು ಗೇಟಿನ ಕಡೆ ನೋಡಿದೆ ಎಂದು ನೀನು ಬರೆದಿದ್ದೆ. ಆಗ ಆ ಸಾಲು ಓದಿ ನಕ್ಕು ಮುಂದೆ ಹೋಗಿದ್ದೆ. ಈಗ ನಗು ಬರುತ್ತಿಲ್ಲ. ಮೈ ಸರಿ ಇಲ್ಲವೋ? ಬರುವುದು ಬೇಡ ಎನಿಸಿತೋ? ಕ್ಷಮಿಸಿದೆ ಎಂದು ಪತ್ರದಲ್ಲಿ ಬರೆಯುವುದು ಬೇರೆ, ಎದುರು ಬಂದು ನಿಲ್ಲುವುದು ಬೇರೆ. ನೀನು ಬರದಿದ್ದರೂ ಸಿಟ್ಟಾಗುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಸುಳ್ಳು ಯಾಕೆ, ಬಹಳ ಸಿಟ್ಟಾಗುತ್ತೇನೆ.

ತಡೆ, ಸಿಮ್ರನಳಿಗೆ ಫೋನ್ ಮಾಡುತ್ತೇನೆ.

ಮಾಡಿದೆ. ಅಯ್ಯೋ ಮಾರಾಯಾ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

“ಅಜ್ಜಾರ ಮಧ್ಯಾಹ್ನನ ಗಾಡಿ ಹತ್ಯಾರ್ರೀ” ಎಂದಳು.

“ಯಾವ ಗಾಡಿವಾ?” ಎಂದೆ. ಗಂಗಾ ಕೇಳಿದ್ದ ಪ್ರಶ್ನೆ ನನ್ನ ಬಾಯಿಂದ ಬಂತು.

“ಯಾವ ಗಾಡಿ ಅಂದ್ರ? ರಾಮದುರ್ಗದಾಗ ಇನ್ಯಾವ ಗಾಡಿ ಐತ್ರಿ? ಸವದತ್ತಿ ಮ್ಯಾಲಿಂದು. ಐದಕ್ಕ ಧಾರವಾಡ ಮುಟ್ಟತೈತಿ. ನಾನ ನಿಮಗ ಫೋನ್ ಮಾಡಾಕಿದ್ದೆ ನೋಡ್ರಿ. ಈಗ ಹಳೇ ಬಸ್ ಸ್ಟ್ಯಾಂಡಿನ ಚಾದಂಗಡಿಯಾಂವ ಫೋನ್ ಮಾಡಿದ್ದಾ. ನಮ್ಮಜ್ಜ ಕಂಡಕಂಡಾವ್ರಿಗೆ ತೂಕದ ಮಷೀನ್ ಎಲ್ಲೈತಿ, ತೂಕದ ಮಷೀನ್ ಎಲ್ಲೈತಿ ಅಂತ ಕೇಳಾಕ ಹತ್ಯಾರಂತ. ಕಿಸೆದಾಗಿನ ನಂಬರ್ ಚೀಟಿ ನೋಡಿ ಅಂವಾ ನನಗ ಹಚ್ಚಿದ್ದಾ. ಅಜ್ಜಗ ಈಗ್ಯಾಕ್ರಿ ತೂಕ?”

‘ನಿನ್ನ ಜಾಗ’! ನೀನು ಬರೆದದ್ದು ತೂಕದ ಯಂತ್ರದ ಜಾಗ! ಮೊದಲ ಪತ್ರದಿಂದಲೂ ಸವದತ್ತಿ ಗಾಡಿ, ಸವದತ್ತಿ ಗಾಡಿ ಎಂದು ಬರೆಯುತ್ತಲೇ ಇದ್ದೀ. ಆರು ವರ್ಷ ರಾಮದುರ್ಗದ ನೀರು ಕುಡಿದು ನಿನ್ನ ಗಾಡಿ ಬಸ್ಸಾಗಿದೆ. ಎರಡು ವರ್ಷ ಹಳಿಯ ಪಕ್ಕ ಅಲೆದು ನನ್ನ ಗಾಡಿ ರೈಲಾಗಿದೆ. ನೀನು ನನ್ನ ಜಾಗದಲ್ಲಿ ನಿಂತಿದ್ದೀ, ನಾನು ನಿನ್ನ ಜಾಗದಲ್ಲಿ!

“ಅವ್ವಾ, ಆ ಚಾದಂಗಡಿಯಾಂವಗ ಹೇಳು. ಅಜ್ಜನ ಕೈ ಹಿಡದು ಅಲ್ಲೇ ಕುಂದ್ರಿಸ್ಲಿ. ಬೇಕಾದ್ರ ಕಂಬಕ್ಕ ಕಟ್ಟಲಿ. ಸ್ಟೇಷನ್ನಿಗೆ ಮಾತ್ರ ಬಿಡಬ್ಯಾಡ ಅನ್ನು!” ನಿನಗೂ ಹೊಳೆದು ನೀನು ಇಲ್ಲಿಗೆ ಹೊರಟರೆ ಇನ್ನು ನಲವತ್ತನಾಲ್ಕು ವರ್ಷ ಯಾರ ಹತ್ತಿರ ಇದೆ?

ಆಟೋ ಹತ್ತಿದ್ದೇನೆ. ಗುಂಡಿ ಬಂದಾಗಲೆಲ್ಲ ಒತ್ತಕ್ಷರ ದಾರಿ ತಪ್ಪುತ್ತಿವೆ, ನೋಡಿಕೊಂಡು ಓದು. ಆಟೋದವನು ಕೇಳಿದ, “ಅಜ್ಜಾರ, ಗಾಡಿ ತಪ್ಪತೈತೇನ್ರಿ? ಜೋರ ಬಿಡಲ್ಯಾ?” ಬಿಡಪಾ ಎಂದೆ.

ಇಂಗ್ಲಿಷ್ ಸರ್ ಇದ್ದಿದ್ದರೆ ಕೇಳುತ್ತಿದ್ದೆ. ಒಬ್ಬ ಐದರ ಗಾಡಿಗೆ ಬಂದ, ಇನ್ನೊಬ್ಬನೂ ಐದರ ಗಾಡಿಗೇ ಬಂದ. ಈಗ ಹ್ಯಾಡ್ ಯಾವುದಕ್ಕೆ ಹಚ್ಚಬೇಕು? ಎರಡಕ್ಕೂ ಹಚ್ಚುತ್ತೇನೆ. ಅಂದೂ ನಾನು ಸರಿಯಾಗೇ ಬರೆದಿದ್ದೆ.

ಬಸ್ ಸ್ಟ್ಯಾಂಡ್ ಬಂತು. ಕಂಡೆ. ಬಿಳಿ ಟೊಪ್ಪಿಗೆ, ಬೆನ್ನು ಸ್ವಲ್ಪ ಬಾಗಿದೆ, ಸೊಂಟದ ಮೇಲೆ ಕೈ ಮಾತ್ರ ಹಾಗೇ ಇದೆ. ಇನ್ನೊಂದು ಕೈಯಲ್ಲಿ ಎರಡು ಬುತ್ತಿ. ಬೈಲಹೊಂಗಲದ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದೀ. ಕೂಗಿದರೆ ನಿನಗೆ ಕೇಳುವುದಿಲ್ಲ. ಸೂರ್ಯ ನನ್ನ ಬೆನ್ನಿಗೆ ಇದ್ದಾನೆ, ನೆರಳು ಉದ್ದಕ್ಕೆ ಹೋಗಿ ನಿನ್ನ ಬೂಟು ಮುಟ್ಟಿದೆ, ಎರಡೂ ಕಿವಿ ಸಮೇತ. ನೀನು ಇನ್ನೂ ಕೆಳಗೆ ನೋಡಿಲ್ಲ.

ಬೆಳಕು ಹೋಗುತ್ತಿದೆ. ಇರುವುದು ಪತ್ರಕ್ಕೋ ಫೋಟೊಗೋ, ಒಂದಕ್ಕೇ ಸಾಕು.

ಬಂದೆ.
ಮಡ್ಯಾ